ಹೋಲ್‌ಸೇಲಿಂಗ್ ಕಲಿಯಲು ಹೋಗಿ ಡೊಂಬಿವಲಿಯ ಏಜೆಂಟ್ ಆದದ್ದು

ಟೆಕ್ಸಾಸ್‌ನಲ್ಲಿರುವ ನನ್ನ ತಂಗಿಯ ಮಗ ಮನೆ ಕಟ್ಟುವುದಿಲ್ಲ, ಕೊಳ್ಳುವುದಿಲ್ಲ, ರಿಪೇರಿ ಮಾಡಿಸುವುದೂ ಇಲ್ಲ. ಆದರೂ ಮನೆಗಳಿಂದ ದುಡ್ಡು ಮಾಡುತ್ತಾನೆ. ಹೇಗೆ ಅಂತ ಕೇಳಿದರೆ ಫೋನಿನಲ್ಲೇ ಲೆಕ್ಕ ಬಿಡಿಸಿ ಹೇಳಿದ. "ನೋಡಿ ದೊಡ್ಡಮ್ಮ, ಒಂದು ಹಳೇ ಮನೆ ಇದೆ ಅಂತಿಟ್ಟುಕೊಳ್ಳಿ. ರಿಪೇರಿ ಮಾಡಿದ ಮೇಲೆ ಅದಕ್ಕೆ 2 ಲಕ್ಷ ಡಾಲರ್ ಸಿಗುತ್ತದೆ. ಅದರ ಶೇಕಡಾ 70 ಅಂದರೆ 1 ಲಕ್ಷ 40 ಸಾವಿರ. ರಿಪೇರಿ ಖರ್ಚು 30 ಸಾವಿರ ಕಳೆಯಿರಿ. ಉಳಿದದ್ದು 1 ಲಕ್ಷ 10 ಸಾವಿರ. ರಿಪೇರಿ ಮಾಡಿ ಮಾರುವವನು ಅದಕ್ಕಿಂತ ಜಾಸ್ತಿ ಕೊಡುವುದಿಲ್ಲ. ನಾನು ಮಾಲೀಕನ ಹತ್ತಿರ 1 ಲಕ್ಷಕ್ಕೆ ಕರಾರು ಮಾಡಿಕೊಳ್ಳುತ್ತೇನೆ. ಆ ಕರಾರನ್ನೇ 10 ಸಾವಿರಕ್ಕೆ ಅವನಿಗೆ ವಹಿಸಿಕೊಡುತ್ತೇನೆ. ಮುಗೀತು."

ಇದಕ್ಕೆ ಅಲ್ಲಿ ಹೋಲ್‌ಸೇಲಿಂಗ್ ಅಂತ ಹೆಸರಂತೆ. ಕೈಯಿಂದ ಹೋಗುವುದು ಸಣ್ಣ ಅಡ್ವಾನ್ಸ್ ಮಾತ್ರ. ಹೇಳಿದ ದಿನದೊಳಗೆ ಕೊಳ್ಳುವವರು ಸಿಗದಿದ್ದರೆ ಕರಾರಿನಿಂದ ಹೊರಗೆ ಬರಲು ಅದರಲ್ಲೇ ಒಂದು ಷರತ್ತು ಬರೆದಿರುತ್ತಾರಂತೆ. ಕೇಳಲು ಚಂದ ಇತ್ತು. ಆಗ ನಾನು ಎಲ್‌ಐಸಿ ಏಜೆಂಟ್. ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನನಗೆ ಗೊತ್ತಿಲ್ಲದ ಕನ್ನಡದ ಮನೆ ಇಲ್ಲ ಅಂದರೂ ನಡೆಯುತ್ತದೆ. ಫೋರ್ಟ್, ಮಾಟುಂಗದ ಉಡುಪಿ ಹೋಟೆಲುಗಳಲ್ಲಿ ದುಡಿದು, ಚೀಟಿ ಹಾಕಿ, ಎಂಬತ್ತರ ದಶಕದಲ್ಲಿ ಇಲ್ಲಿ ಒಂದು ರೂಮು ಕಿಚನ್ ಕೊಂಡವರು ಎಷ್ಟೋ ಮಂದಿ. ಈಗ ಅವರು ಊರಿಗೆ ಹೋಗಿಯಾಗಿದೆ. ಮಕ್ಕಳು ಬೆಂಗಳೂರು, ದುಬೈ ಅಂತ ಚದುರಿದ್ದಾರೆ. ಫ್ಲ್ಯಾಟಿಗೆ ಬೀಗ. ಮಾರಬೇಕು ಅಂತ ಎಲ್ಲರಿಗೂ ಇದೆ, ಬಂದು ಓಡಾಡಲು ಯಾರಿಗೂ ಆಗುವುದಿಲ್ಲ. ಅವನು ಹೇಳುವ ಥರದ ಮಾಲೀಕರು ನನ್ನ ಡೈರಿ ತುಂಬ ಇದ್ದರು.

ಹಾಗಾಗಿ ಅದೇ ಲೆಕ್ಕವನ್ನು ಇಲ್ಲಿಗೆ ಹಾಕಿ ನೋಡಿದೆ. 50 ಲಕ್ಷಕ್ಕೆ ಹೋಗಬಹುದಾದ ಫ್ಲ್ಯಾಟ್. ಮಾಲೀಕರಿಗೆ ಅರ್ಜೆಂಟ್, 42ಕ್ಕೆ ಒಪ್ಪುತ್ತಾರೆ. ನಡುವೆ 8 ಲಕ್ಷ. ಕಾಗದದ ಮೇಲೆ ಭಾರೀ ಸುಲಭ.

ಠಾಣೆಯಲ್ಲಿ ನಮ್ಮವರೇ ಒಬ್ಬರು ವಕೀಲರಿದ್ದಾರೆ. ಅವರ ಹತ್ತಿರ ಹೋದೆ. ಕರಾರನ್ನು ಇನ್ನೊಬ್ಬರಿಗೆ ವಹಿಸಿಕೊಡಲು ನಮ್ಮ ಕಾನೂನಿನಲ್ಲಿ ಅಡ್ಡಿ ಇದೆಯಾ ಅಂತ ಕೇಳಿದೆ. ಅಡ್ಡಿ ಇಲ್ಲ ಅಂದರು. ಕರಾರಿನಲ್ಲಿ ಬೇಡ ಅಂತ ಬರೆದಿಲ್ಲದಿದ್ದರೆ, ಆ ವ್ಯಕ್ತಿಯನ್ನೇ ನಂಬಿ ಮಾಡಿಕೊಂಡ ಕರಾರು ಅಲ್ಲದಿದ್ದರೆ, ವಹಿಸಿಕೊಡಬಹುದು. ನನಗೆ ಖುಷಿ ಆಯಿತು. ಆಮೇಲೆ ಅವರು ಕ್ಯಾಲ್ಕ್ಯುಲೇಟರ್ ಎಳೆದುಕೊಂಡರು.

"ಅಕ್ಕ, ಇದು ಮಹಾರಾಷ್ಟ್ರ. ಸ್ವಾಧೀನ ಕೊಡುತ್ತೇನೆ ಅಂತ ಅಗ್ರಿಮೆಂಟ್‌ನಲ್ಲಿ ಬರೆದರೆ ಸಾಕು, ಇವತ್ತು ಕೊಡಲಿ, ಮುಂದೆ ಕೊಡಲಿ, ಅದನ್ನೇ ಕ್ರಯಪತ್ರ ಅಂತ ಹಿಡಿದು ಪೂರ್ತಿ ಸ್ಟ್ಯಾಂಪ್ ಡ್ಯೂಟಿ ಕೇಳುತ್ತಾರೆ. ನಿಮ್ಮ ಡೊಂಬಿವಲಿಗೆ ಶೇಕಡಾ 7. ಅದೂ ನಿಮ್ಮ 42ರ ಮೇಲೆ ಅಲ್ಲ. ರೆಡಿ ರೆಕನರ್ ದರ, ಅಂದರೆ ಸರ್ಕಾರ ನಿಗದಿ ಮಾಡಿದ ಬೆಲೆ, ಜಾಸ್ತಿ ಇದ್ದರೆ ಅದರ ಮೇಲೆ."

ರೆಡಿ ರೆಕನರ್ 45 ಲಕ್ಷ ಅಂತ ಹಿಡಿದರೆ ಸ್ಟ್ಯಾಂಪ್ ಡ್ಯೂಟಿ 3 ಲಕ್ಷ 15 ಸಾವಿರ. ನೋಂದಣಿ ಶುಲ್ಕ ಶೇಕಡಾ 1, ಅದಕ್ಕೆ 30 ಸಾವಿರದ ಮಿತಿ ಇದೆ, ಅಂದರೆ 30 ಸಾವಿರ. ಹೆಂಗಸರ ಹೆಸರಿಗೆ ಮನೆ ಕೊಂಡರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇಕಡಾ 1 ರಿಯಾಯಿತಿ ಇದೆ, ಆದರೂ ಉಳಿದದ್ದು ಕಟ್ಟಲೇಬೇಕಲ್ವಾ. ನಂತರ ನನ್ನಿಂದ ಕೊಳ್ಳುವವನು ಮತ್ತೆ ಮೊದಲಿನಿಂದ ಅಷ್ಟೇ ಕಟ್ಟಬೇಕು. ನನಗೆ ಉಳಿಯುವ ಲಾಭಕ್ಕೆ ಆದಾಯ ತೆರಿಗೆ ಬೇರೆ. ಬಿಲ್ಡರ್ ಹತ್ತಿರ ಹೊಸ ಫ್ಲ್ಯಾಟ್ ಕೊಂಡು ಮರುಮಾರಾಟ ಮಾಡುವ ಇನ್ವೆಸ್ಟರ್‌ಗಳಿಗೆ ಮೊದಲು ಕಟ್ಟಿದ ಡ್ಯೂಟಿಯನ್ನು ಹೊಂದಿಸಿಕೊಳ್ಳುವ ಅವಕಾಶ ಇದೆ. ಅದರ ಅವಧಿಯನ್ನು 2022ರಲ್ಲಿ ಒಂದು ವರ್ಷದಿಂದ ಮೂರು ವರ್ಷಕ್ಕೆ ಏರಿಸಿದರು. ನನ್ನ ಡೈರಿಯಲ್ಲಿದ್ದ ಹಳೇ ಹೌಸಿಂಗ್ ಸೊಸೈಟಿ ಫ್ಲ್ಯಾಟುಗಳಿಗೆ ಅದು ಸಿಗುವುದಿಲ್ಲ.

ಹಾಗಾದರೆ ಜನ ಟೋಕನ್ ಕೊಟ್ಟು ಐನೂರು ರೂಪಾಯಿ ಸ್ಟ್ಯಾಂಪ್ ಪೇಪರ್ ಮೇಲೆ ಎಂಒಯು ಅಂತ ಒಪ್ಪಂದ ಬರೆದುಕೊಳ್ಳುತ್ತಾರಲ್ಲ, ಅದು? ವಕೀಲರು ನಕ್ಕರು. ಜಗಳ ಆಗುವವರೆಗೆ ಅದು ಚೆನ್ನಾಗಿರುತ್ತದೆ. ಕೋರ್ಟಿಗೆ ಹೋದರೆ, ಸ್ಟ್ಯಾಂಪ್ ಕಡಿಮೆ ಬಿದ್ದ ಕಾಗದವನ್ನು ಬಾಕಿ ಡ್ಯೂಟಿ ಮತ್ತು ದಂಡ ಕಟ್ಟುವವರೆಗೆ ಸಾಕ್ಷಿಯಾಗಿ ತೆಗೆದುಕೊಳ್ಳುವುದೇ ಇಲ್ಲ. ಇನ್ನೊಂದು ಮಾತು. ಕ್ರಯದ ಕರಾರು ಮಾಡಿಕೊಂಡ ಮಾತ್ರಕ್ಕೆ ಆಸ್ತಿಯಲ್ಲಿ ನನಗೆ ಯಾವ ಹಕ್ಕೂ ಹುಟ್ಟುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಇಲ್ಲದ ಹಕ್ಕನ್ನು ಇನ್ನೊಬ್ಬರಿಗೆ ಮಾರುತ್ತೇನೆ ಅಂತ ನನ್ನ ಪರಿಚಯದ ಜನರ ಮುಂದೆ ಹೇಗೆ ಕೂರಲಿ?

ಅಮೆರಿಕದಲ್ಲೂ ಇದು ಬೇಲಿ ಇಲ್ಲದ ಹೊಲ ಅಲ್ಲ. ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಇಂಥ ಡೀಲ್ ಮಾಡುವವರಿಗೆ ಲೈಸೆನ್ಸ್ ಬೇಕು ಅಂತ ಇಲಿನಾಯ್ ರಾಜ್ಯ 2019ರಲ್ಲಿ ಕಾನೂನು ಮಾಡಿತು. 2021ರಲ್ಲಿ ಒಕ್ಲಹೋಮ ಕೂಡ ಬಿಗಿ ಮಾಡಿತು. ಮಾಲೀಕನಿಗೆ ತನ್ನ ಮನೆಯ ಬೆಲೆ ಗೊತ್ತಿಲ್ಲ ಅನ್ನುವುದರ ಮೇಲೆಯೇ ನಡೆಯುವ ವ್ಯಾಪಾರಕ್ಕೆ ಎಲ್ಲಿಯಾದರೂ ಒಂದು ದಿನ ಮೂಗುದಾರ ಬೀಳುತ್ತದೆ.

ನಮ್ಮ ಕಡೆ ಇದರ ದೇಸಿ ರೂಪ ಒಂದಿದೆ. ಬ್ರೋಕರ್‌ಗಳ ನಡುವೆ ಓಡಾಡಲು ಶುರು ಮಾಡಿದ ಮೇಲೆ ದಿನಾ ಕಿವಿಗೆ ಬೀಳುತ್ತಿತ್ತು. "ಮುಝೇ ಇತ್ನಾ ನೆಟ್ ಚಾಹಿಯೇ, ಊಪರ್ ಕಾ ತುಮ್ಹಾರಾ." ಮಾಲೀಕನಿಗೆ ಕೈಗೆ ಇಷ್ಟು ಬಂದರೆ ಸಾಕು, ಮೇಲಿನದ್ದು ಬ್ರೋಕರ್‌ಗೆ. ಕರಾರಿಲ್ಲ, ಕಾಗದವಿಲ್ಲ. ಕೇಳಿದಾಗ ಬಾಯಲ್ಲಿ ನೀರೂರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಮೇಲಿನ ದುಡ್ಡು ಬರುವುದು ಹೇಗೆ? ಅಗ್ರಿಮೆಂಟ್‌ನಲ್ಲಿ ಬೆಲೆ ಕಂಡೇ ಕಾಣುತ್ತದೆ. ಮಾಲೀಕನ ಖಾತೆಗೆ ಬಂದು ಅಲ್ಲಿಂದ ನನಗೆ ಬರಬೇಕು, ಇಲ್ಲ ನಗದಾಗಿ ಬರಬೇಕು. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. 2015ರಿಂದ ಟೋಕನ್ನಿಗೂ ಈ ನಿಯಮ ಇದೆ. ನನಗೆ ಆ ದಾರಿ ಬೇಡವೆನಿಸಿತು. ಕಮಿಷನ್ ಎಷ್ಟು ಅಂತ ಎರಡೂ ಕಡೆಯವರಿಗೆ ಗೊತ್ತಿರುವ ಹಾಗೆ ತೆಗೆದುಕೊಂಡರೆ ದುಡ್ಡು ಕಡಿಮೆ ಸಿಗಬಹುದು, ಆದರೆ ಮುಂದಿನ ವರ್ಷ ಗಣೇಶೋತ್ಸವದ ಪೆಂಡಾಲಿನಲ್ಲಿ ಅವರೇ ಎದುರಿಗೆ ಸಿಕ್ಕಾಗ ಮುಖ ತಿರುಗಿಸಬೇಕಾಗಿಲ್ಲ.

ಹೀಗೆ ಮಹಾರೇರಾ ಏಜೆಂಟ್ ಆಗುವುದು ಅಂತ ನಿರ್ಧಾರವಾಯಿತು. ರೇರಾ ಅಂದರೆ ಮನೆ ಕಟ್ಟಿ ಮಾರುವ ವ್ಯವಹಾರದ ಕಾಯ್ದೆ, ಮಹಾರೇರಾ ಅಂದರೆ ಮಹಾರಾಷ್ಟ್ರದಲ್ಲಿ ಅದನ್ನು ನೋಡಿಕೊಳ್ಳುವ ಪ್ರಾಧಿಕಾರ. ಹಳೇ ಕಟ್ಟಡದ ಮರುಮಾರಾಟ ಮಾತ್ರ ಮಾಡುವವರಿಗೆ ಇದು ಬೇಕೇ ಬೇಕು ಅಂತಿಲ್ಲ. ರೇರಾದಲ್ಲಿ ನೋಂದಾಯಿಸಿದ ಪ್ರಾಜೆಕ್ಟಿನ ಫ್ಲ್ಯಾಟ್ ಮಾರಿಸಬೇಕಾದರೆ ಮಾತ್ರ ನೋಂದಣಿ ಕಡ್ಡಾಯ. ನೋಂದಣಿ ಇಲ್ಲದೆ ಮಾಡಿಸಿದರೆ ದಿನಕ್ಕೆ 10 ಸಾವಿರದ ಲೆಕ್ಕದಲ್ಲಿ ದಂಡ. ಅದು ಆ ಆಸ್ತಿಯ ಬೆಲೆಯ ಶೇಕಡಾ 5ರವರೆಗೂ ಹೋಗಬಹುದು. ಬರೀ ಹಳೇ ಫ್ಲ್ಯಾಟ್ ನೆಚ್ಚಿಕೊಂಡರೆ ಮನೆ ನಡೆಯುವುದಿಲ್ಲ ಅಂತ ಎಲ್ಲರೂ ಹೇಳಿದರು.

ಮೊದಲಾದರೆ ಫಾರ್ಮು ತುಂಬಿ ಫೀಸು ಕಟ್ಟಿದರೆ ಆಗುತ್ತಿತ್ತು. 2023ರ ಜನವರಿಯಲ್ಲಿ ಮಹಾರೇರಾ ಹೊಸ ಆದೇಶ ಹೊರಡಿಸಿ, ತರಬೇತಿ ಪಡೆದು ಪರೀಕ್ಷೆ ಪಾಸಾದವರಿಗೆ ಮಾತ್ರ ನೋಂದಣಿ ಅಂದಿತು. 20 ಗಂಟೆ ಕ್ಲಾಸು. ನನ್ನ ಬ್ಯಾಚಿನಲ್ಲಿ ಇಪ್ಪತ್ತೈದು ವರ್ಷದಿಂದ ದಲಾಲಿ ಮಾಡಿ ಬಂದ ಹಿರಿಯರಿದ್ದರು, ಕಾಲೇಜು ಮುಗಿಸಿದ ಹುಡುಗರೂ ಇದ್ದರು. ಹಿರಿಯರಿಗೆ ಕಾರ್ಪೆಟ್ ಏರಿಯಾ ವಿಷಯ ಬಂದಾಗ ಮುಜುಗರ. ಇಷ್ಟು ದಿನ ಗೋಡೆ, ಮೆಟ್ಟಿಲು ಎಲ್ಲಾ ಸೇರಿಸಿದ ಸೂಪರ್ ಬಿಲ್ಟ್‌ಅಪ್ ಹೇಳಿಯೇ ಮಾರಿದವರು ಅವರು. ರೇರಾ ಬಂದ ಮೇಲೆ ಗೋಡೆಯ ಒಳಗೆ ನಿಜವಾಗಿ ಬಳಸಲು ಸಿಗುವ ಜಾಗವನ್ನೇ ಹೇಳಬೇಕು. ಅಗ್ರಿಮೆಂಟ್ ನೋಂದಣಿಗೆ ಮುಂಚೆ ಬಿಲ್ಡರ್ ಶೇಕಡಾ 10ಕ್ಕಿಂತ ಜಾಸ್ತಿ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ ಅನ್ನುವುದು ಎಷ್ಟೋ ಬ್ರೋಕರ್‌ಗಳಿಗೇ ಗೊತ್ತಿರಲಿಲ್ಲ.

ಪರೀಕ್ಷೆ ನಡೆಸುವುದು ಐಬಿಪಿಎಸ್, ಬ್ಯಾಂಕ್ ಪರೀಕ್ಷೆ ನಡೆಸುತ್ತಾರಲ್ಲ, ಅವರೇ. ಕಂಪ್ಯೂಟರ್ ಮುಂದೆ ಕೂತು ಉತ್ತರ ಆರಿಸುವುದು. ಪ್ರಶ್ನೆ ಕಷ್ಟ ಏನಿಲ್ಲ, ಕಾಯ್ದೆಯನ್ನು ಒಂದು ಸಲ ಸರಿಯಾಗಿ ಓದಿದ್ದರೆ ಸಾಕು. ಸರ್ಟಿಫಿಕೇಟ್ ಬಂದ ಮೇಲೆ ಆನ್‌ಲೈನ್ ಅರ್ಜಿ. ಒಬ್ಬರೇ ಮಾಡುವವರಿಗೆ 10 ಸಾವಿರ ಫೀಸು, ನೋಂದಣಿ 5 ವರ್ಷಕ್ಕೆ. ನಂಬರ್ ಕೈಗೆ ಬಂದ ದಿನ ವಿಸಿಟಿಂಗ್ ಕಾರ್ಡ್ ಮಾಡಿಸಲು ಕೊಟ್ಟೆ. ಪ್ರಿಂಟಿಂಗ್ ಪ್ರೆಸ್ಸಿನವನು ಮೂಲೆಯಲ್ಲಿ ಮನೆಯ ಚಿತ್ರ ಹಾಕಲಾ, ಬೀಗದ ಕೈ ಹಾಕಲಾ ಅಂತ ಕೇಳಿದ. ಎರಡೂ ಬೇಡ, ರೇರಾ ನಂಬರನ್ನೇ ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕಿ ಅಂದೆ.

ನಂಬರ್ ಸಿಕ್ಕಿತು, ಮನೆ? ಇಲ್ಲಿ ಮಾತ್ರ ತಂಗಿಯ ಮಗನ ಪಾಠ ಪೂರ್ತಿ ಉಪಯೋಗಕ್ಕೆ ಬಂತು. ಕೊಳ್ಳುವವರನ್ನು ಹುಡುಕಿ ಸುಸ್ತಾಗಬೇಡಿ, ಮಾರುವವರನ್ನು ಬೇರೆಯವರಿಗಿಂತ ಮೊದಲು ಹುಡುಕಿ ಅಂತ ಅವನು ಹೇಳಿದ್ದ. ಅಲ್ಲಿ ಅವರು ತೆರಿಗೆ ಬಾಕಿ ಪಟ್ಟಿ ನೋಡುತ್ತಾರಂತೆ. ನಮ್ಮಲ್ಲಿ ಸೊಸೈಟಿಯ ನೋಟಿಸ್ ಬೋರ್ಡ್ ಇದೆ. ಯಾವ ಹಳೇ ಬಿಲ್ಡಿಂಗಿಗೆ ಬೇಕಾದರೂ ಹೋಗಿ. ಮೀಟರ್ ಬಾಕ್ಸ್ ಪಕ್ಕದಲ್ಲಿ ಗಾಜಿನ ಬಾಗಿಲಿನ ಒಂದು ಬೋರ್ಡ್, ಒಳಗೆ ಮೇಂಟೆನೆನ್ಸ್ ಬಾಕಿದಾರರ ಪಟ್ಟಿ. ಫ್ಲ್ಯಾಟ್ ನಂಬರು, ಹೆಸರು, ಎಷ್ಟು ತಿಂಗಳ ಬಾಕಿ, ಎಲ್ಲಾ ಟೈಪ್ ಮಾಡಿ ಅಂಟಿಸಿರುತ್ತಾರೆ. ಕೆಳಗೆ ಲೆಟರ್ ಬಾಕ್ಸಿನಲ್ಲಿ ಅದೇ ಫ್ಲ್ಯಾಟಿನ ಕರೆಂಟ್ ಬಿಲ್ಲುಗಳು ಬಾಯಿಂದ ಹೊರಗೆ ಇಣುಕುತ್ತಿದ್ದರೆ ಆ ಮನೆಗೆ ವರ್ಷದಿಂದ ಯಾರೂ ಬಂದಿಲ್ಲ ಅಂತ ಅರ್ಥ. ವಾಚ್‌ಮನ್ ಹತ್ತಿರ ಸುಮ್ನೆ ಎರಡು ಮಾತಾಡಿದರೆ ಮಾಲೀಕ ಯಾವ ಊರು ಅಂತಲೂ ಗೊತ್ತಾಗುತ್ತದೆ. ಕುಂದಾಪುರ, ಕಾರ್ಕಳ ಅಂದರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ. ಯಾರನ್ನಾದರೂ ಕೇಳಿ ನಂಬರ್ ತೆಗೆದುಕೊಳ್ಳಬಹುದು.

ಹಾಗೆ ಸಿಕ್ಕವರು ಕುಂದಾಪುರ ಕಡೆಯ ಒಬ್ಬ ಶೆಟ್ರು. ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ಫೋನ್ ಮಾಡಿದರೆ ಮೊದಲು ಗದರಿದರು. "ನಿಮಗೆ ನನ್ನ ನಂಬ್ರ ಯಾರು ಕೊಟ್ಟದ್ದು ಮಾರಾಯ್ತಿ? ದಿನಾ ಒಬ್ಬೊಬ್ಬ ಫೋನ್ ಮಾಡ್ತಾನೆ, ಎಲ್ಲರಿಗೂ ಮೂವತ್ತಕ್ಕೆ ಬೇಕು!" ನಾನು ಬೆಲೆ ಮಾತಾಡಲೇ ಇಲ್ಲ. ಷೇರ್ ಸರ್ಟಿಫಿಕೇಟ್, ಅಂದರೆ ಸೊಸೈಟಿ ಸದಸ್ಯತ್ವದ ಕಾಗದ, ಯಾರ ಹೆಸರಲ್ಲಿದೆ ಶೆಟ್ರೇ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು, "ಅಣ್ಣನ ಹೆಸ್ರಲ್ಲಿ. ಅವ ತೀರಿಕೊಂಡ. ನಾಮಿನಿ ನಾನೇ."

ಇಲ್ಲೇ ಎಲ್‌ಐಸಿಯ ಅನುಭವ ಕೆಲಸಕ್ಕೆ ಬಂತು, ಆದರೆ ಉಲ್ಟಾ ರೀತಿಯಲ್ಲಿ. ವಿಮೆಯಲ್ಲಿ 2015ರ ತಿದ್ದುಪಡಿ ಆದ ಮೇಲೆ, ಹೆಂಡತಿ ಗಂಡ ಮಕ್ಕಳು ತಂದೆ ತಾಯಿ ಯಾರಾದರೂ ನಾಮಿನಿ ಆಗಿದ್ದರೆ ಆ ದುಡ್ಡು ಅವರದ್ದೇ. ಫ್ಲ್ಯಾಟಿನಲ್ಲಿ ಹಾಗಲ್ಲ. ಸೊಸೈಟಿ ಯಾರ ಹತ್ತಿರ ವ್ಯವಹರಿಸಬೇಕು ಅನ್ನುವುದಕ್ಕಷ್ಟೇ ನಾಮಿನಿ. ಮಾಲೀಕರು ವಾರಸುದಾರರೇ. ಅಣ್ಣನಿಗೆ ಮದುವೆ ಆಗಿರಲಿಲ್ಲ, ತಂದೆ ತಾಯಿ ಇಲ್ಲ, ಹಾಗಾಗಿ ಶೆಟ್ರ ಜೊತೆಗೆ ಅವರ ತಂಗಿಗೂ ಪಾಲಿತ್ತು. ತಂಗಿ ಇರುವುದು ಹೆಬ್ರಿಯಲ್ಲಿ. ಇಬ್ಬರಿಗೂ ಮಾತು ಬಿಟ್ಟು ಕಾಲ ಆಗಿತ್ತು. ಫೋನ್ ಮಾಡಿದ್ದ ಬ್ರೋಕರ್‌ಗಳಲ್ಲಿ ಒಬ್ಬನೂ ಇದನ್ನು ಕೇಳಿರಲಿಲ್ಲ. ಕೇಳಿದ್ದರೆ ಮೂವತ್ತಕ್ಕೆ ಕೊಡಿ ಅನ್ನುವ ಬದಲು ಬಿಟ್ಟು ಹೋಗುತ್ತಿದ್ದರು.

ಒಂದು ವಿಷಯ ಹೇಳಿಬಿಡುತ್ತೇನೆ. ಬೆಲೆ ಕಡಿಮೆ ಇರುವ ಮನೆ ಅಂದರೆ ಬಹಳ ಸಲ ಕಾಗದ ಸರಿ ಇಲ್ಲದ ಮನೆ. ಅದನ್ನು ಕಡಿಮೆಗೆ ಎತ್ತಿ ಬೇರೆಯವರ ತಲೆಗೆ ಕಟ್ಟುವುದು ಒಂದು ಬಗೆ. ಕಾಗದ ಸರಿ ಮಾಡಿಸಿ ಸರಿಯಾದ ಬೆಲೆ ಬರಿಸುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಓಡಾಟ ಜಾಸ್ತಿ, ಆದರೆ ಪೈಪೋಟಿಗೆ ಯಾರೂ ಬರುವುದಿಲ್ಲ.

ಅಣ್ಣ ತಂಗಿಯನ್ನು ಒಂದು ಮಾಡಿಸಿದ್ದು ನಾನಲ್ಲ, ಊರಿನ ಹಿರಿಯರೊಬ್ಬರು. ತಂಗಿ ತನ್ನ ಪಾಲನ್ನು ಬಿಟ್ಟುಕೊಡಲು ತಯಾರಿರಲಿಲ್ಲ, ಬಿಟ್ಟುಕೊಡಬೇಕಾದ ಅಗತ್ಯವೂ ಇರಲಿಲ್ಲ. ಇಬ್ಬರೂ ಮಾರುವವರಾಗಿ ಸಹಿ ಹಾಕುವುದು, ದುಡ್ಡು ಇಬ್ಬರ ಖಾತೆಗೂ ಬೇರೆ ಬೇರೆ ಹೋಗುವುದು ಅಂತಾಯಿತು. ಷೇರ್ ಸರ್ಟಿಫಿಕೇಟಿನಲ್ಲಿ ಹೆಸರು ಬದಲಾಗಲು ಸೊಸೈಟಿ ಕಮಿಟಿಯ ಮೀಟಿಂಗ್ ಕಾಯಬೇಕಾಯಿತು. ಮೇಂಟೆನೆನ್ಸ್ ಬಾಕಿ ತೀರಿಸಿ ನೋ ಡ್ಯೂಸ್ ತೆಗೆದುಕೊಂಡೆವು. ಮುಂದೆ ಕೊಳ್ಳುವವರು ಬಂದಾಗ ಸೆಕ್ರೆಟರಿ, ಫ್ಲ್ಯಾಟ್ ಕೈ ಬದಲಾಗುವಾಗ ಸೊಸೈಟಿ ತೆಗೆದುಕೊಳ್ಳುವ ಟ್ರಾನ್ಸ್‌ಫರ್ ಪ್ರೀಮಿಯಂ ಜೊತೆಗೆ ಬಿಲ್ಡಿಂಗ್ ಫಂಡಿಗೆ ಅಂತ ಇನ್ನೊಂದು ದೊಡ್ಡ ಮೊತ್ತ ಕೇಳಿದರು. ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ ಸೊಸೈಟಿಗಳು 25 ಸಾವಿರಕ್ಕಿಂತ ಜಾಸ್ತಿ ಪ್ರೀಮಿಯಂ ತೆಗೆದುಕೊಳ್ಳುವ ಹಾಗಿಲ್ಲ. ಸರ್ಕಾರದ ಸುತ್ತೋಲೆಯ ಪ್ರತಿ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೆ. ತೋರಿಸಿದೆ. ಸ್ವಲ್ಪ ಗೊಣಗಿ ಸುಮ್ಮನಾದರು.

ಕೊಳ್ಳುವವರನ್ನು ತಂದದ್ದು ಇನ್ನೊಬ್ಬ ಬ್ರೋಕರ್. ಬ್ರೋಕರ್‌ಗಳ ವಾಟ್ಸಾಪ್ ಗ್ರೂಪ್ ಅಂದರೆ ಒಂದು ಲೋಕ. ಬೆಳಗ್ಗೆ ಏಳಕ್ಕೆ ಗುಡ್ ಮಾರ್ನಿಂಗ್ ಹೂವು, ಏಳೂವರೆಯಿಂದ "1 ಬಿಎಚ್‌ಕೆ ಬೇಕು, ಸ್ಟೇಷನ್ ಹತ್ತಿರ, ವೆಜ್ ಫ್ಯಾಮಿಲಿ, ಡೈರೆಕ್ಟ್ ಪಾರ್ಟಿ". ಬಿಲ್ಡಿಂಗ್ ಹೆಸರು ಮಾತ್ರ ಯಾರೂ ಹಾಕುವುದಿಲ್ಲ. ಹಾಕಿದರೆ ಸಂಜೆಯೊಳಗೆ ಬೇರೆಯವರು ಮಾಲೀಕರ ಬಾಗಿಲು ಬಡಿದಿರುತ್ತಾರೆ. ನನ್ನ ಕಡೆ ಮಾರುವವರು, ಅವರ ಕಡೆ ಕೊಳ್ಳುವವರು, ಅವರವರ ಪಾರ್ಟಿಯಿಂದ ಅವರವರಿಗೆ ಶೇಕಡಾ 1. ಮೊದಲ ಭೇಟಿಗೆ ಮುಂಚೆಯೇ ಇದನ್ನು ಮೆಸೇಜಿನಲ್ಲಿ ಬರೆದುಕೊಂಡೆವು.

ಬ್ಯಾಂಕಿನ ಸಾಲದ ವಿಷಯದಲ್ಲಿ ತಡವಾಯಿತು. ಹಳೇ ಕಟ್ಟಡ, ಅದರ ಆಯುಸ್ಸು ಎಷ್ಟು ಉಳಿದಿದೆ ಅಂತ ಬ್ಯಾಂಕಿನ ವ್ಯಾಲ್ಯುವರ್ ನೋಡುತ್ತಾನೆ. ಒಂದು ಬ್ಯಾಂಕ್ ಆಗುವುದಿಲ್ಲ ಅಂದಿತು, ಇನ್ನೊಂದು ಒಪ್ಪಿತು. ಕೊಳ್ಳುವವರ ಬ್ರೋಕರ್ "ರೀಡೆವಲಪ್‌ಮೆಂಟ್ ಬರ್ತಾ ಇದೆ, ಎರಡೇ ವರ್ಷ" ಅಂತ ಪಾರ್ಟಿಗೆ ಹೇಳುತ್ತಿದ್ದ. ಸೊಸೈಟಿಯ ಜನರಲ್ ಬಾಡಿಯಲ್ಲಿ ಹಳೇದನ್ನು ಕೆಡವಿ ಹೊಸದು ಕಟ್ಟುವ ಬಗ್ಗೆ ಒಂದು ಠರಾವೂ ಆಗಿಲ್ಲ ಅಂತ ನನಗೆ ಗೊತ್ತಿತ್ತು. ಕೊಳ್ಳುವವರ ಮುಂದೆಯೇ ಹೇಳಿದೆ. ಬ್ರೋಕರ್ ನನ್ನನ್ನು ದುರುಗುಟ್ಟಿ ನೋಡಿದ. ಅವರು ಆದರೂ ಕೊಂಡರು. ಹೆಂಡತಿಯ ಶಾಲೆ ಎದುರಿಗೇ ಇತ್ತು, ಅವರಿಗೆ ಅದೇ ಮುಖ್ಯ.

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಶೆಟ್ರು ಮತ್ತು ತಂಗಿ ಎದುರು ಬದುರು ಬೆಂಚಿನಲ್ಲಿ ಕೂತಿದ್ದರು. ಕ್ಯಾಮೆರಾ ಮುಂದೆ ಮುಖ ತೋರಿಸುವುದು, ಹೆಬ್ಬೆಟ್ಟು ಒತ್ತುವುದು, ಎಲ್ಲಾ ಸೇರಿ ಅರ್ಧ ಗಂಟೆಯ ಕೆಲಸ. ಸರದಿ ಬರಲು ಮಧ್ಯಾಹ್ನ ಆಯಿತು. ತಂಗಿಯ ಹೆಬ್ಬೆಟ್ಟು ಮೆಷಿನ್‌ಗೆ ಹತ್ತಲೇ ಇಲ್ಲ. ಬೀಡಿ ಕಟ್ಟಿ ಸವೆದ ಬೆರಳು. ಶೆಟ್ರು ಎದ್ದು ಬಂದು ಕರ್ಚೀಫು ಒದ್ದೆ ಮಾಡಿ ಕೊಟ್ಟರು. ಒರೆಸಿ ಒತ್ತಿದ ಮೇಲೆ ಹತ್ತಿತು.

ತೆರಿಗೆ ಎಷ್ಟು ಬೀಳುತ್ತದೆ ಅನ್ನುವುದು ಊರಿಗೆ ಹೋದವರೆಲ್ಲರ ಪ್ರಶ್ನೆ. ಎಂಬತ್ತರ ದಶಕದಲ್ಲಿ ಒಂದು ಲಕ್ಷದ ಒಳಗೆ ಕೊಂಡದ್ದು, ಈಗ ಮಾರಿದ್ದೆಲ್ಲ ಲಾಭ ಅಂತ ಹೆದರಿರುತ್ತಾರೆ. 2001ರ ಏಪ್ರಿಲ್ 1ಕ್ಕೆ ಮುಂಚೆ ಕೊಂಡದ್ದಾದರೆ ಆ ದಿನದ ಬೆಲೆಯನ್ನೇ ಮೂಲ ಬೆಲೆ ಅಂತ ಹಿಡಿಯಬಹುದು. ಅದಕ್ಕೆ ವ್ಯಾಲ್ಯುವರ್ ರಿಪೋರ್ಟ್ ಮಾಡಿಸಬೇಕು. ಸಿಎ ಹತ್ತಿರ ಕಳಿಸುವುದು ನನ್ನ ಕೆಲಸ, ಲೆಕ್ಕ ಹೇಳುವುದು ಅವರ ಕೆಲಸ.

ಹೊಸ ಪ್ರಾಜೆಕ್ಟುಗಳ ಕಡೆಗೂ ಹೋದೆ. ಅಲ್ಲಿ ನಮ್ಮನ್ನು ಚಾನೆಲ್ ಪಾರ್ಟ್‌ನರ್ ಅನ್ನುತ್ತಾರೆ. ಕಮಿಷನ್ ಜಾಸ್ತಿ, ಎಸಿ ಆಫೀಸು, ಕಾಫಿ. ಆದರೆ ನಾವು ಕರೆದುಕೊಂಡು ಹೋದ ಗಿರಾಕಿ ನಮ್ಮ ಹೆಸರಲ್ಲಿ ದಾಖಲಾಗಿದ್ದಾನೋ ಇಲ್ಲವೋ ಅಂತ ನೋಡಿಕೊಳ್ಳಬೇಕು, ಕಮಿಷನ್ ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕು. ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ನಮ್ಮ ಕಲ್ಯಾಣ ಡೊಂಬಿವಲಿ ಪಾಲಿಕೆಯ ವ್ಯಾಪ್ತಿಯಲ್ಲೇ 65 ಕಟ್ಟಡಗಳು ಪಾಲಿಕೆಯ ನಕಲಿ ಪರವಾನಗಿ ತೋರಿಸಿ ರೇರಾ ನಂಬರ್ ಪಡೆದಿದ್ದವು. 2024ರಲ್ಲಿ ಬಾಂಬೆ ಹೈಕೋರ್ಟ್ ಅವನ್ನು ಕೆಡವಲು ಹೇಳಿತು. ರೇರಾ ನಂಬರ್ ಇದೆ ಅಂತ ನಂಬಿ ಸಾಲ ಮಾಡಿ ಕೊಂಡ ಸಂಸಾರಗಳು ಅವು. ಅದಕ್ಕೇ ಈಗ ನಾನು ಸೈಟಿನಲ್ಲಿ ರೇರಾ ನಂಬರ್ ನೋಡಿ ಬಿಡುವುದಿಲ್ಲ. ಕಟ್ಟಲು ಶುರು ಮಾಡಬಹುದು ಅಂತ ಪಾಲಿಕೆ ಕೊಡುವ ಕಮೆನ್ಸ್‌ಮೆಂಟ್ ಸರ್ಟಿಫಿಕೇಟಿನ ನಂಬರ್ ಬರೆದುಕೊಂಡು ಪಾಲಿಕೆಯ ನಗರರಚನಾ ವಿಭಾಗದಲ್ಲಿ ಅದು ನಿಜವಾ ಅಂತ ಕೇಳಿ ಬರುತ್ತೇನೆ. ಬಿಲ್ಡರ್ ಕಡೆಯ ಹುಡುಗರು ಇದನ್ನು ಇಷ್ಟಪಡುವುದಿಲ್ಲ.

ಈ ಕೆಲಸಕ್ಕೆ ಇಳಿಯುವ ನಮ್ಮ ಹೆಂಗಸರು ಯಾರಾದರೂ ಕೇಳಿದರೆ ಬಾಡಿಗೆಯಿಂದ ಶುರು ಮಾಡಿ ಅನ್ನುತ್ತೇನೆ. ಮಾರಾಟದ ದುಡ್ಡು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಲೀವ್ ಆ್ಯಂಡ್ ಲೈಸನ್ಸ್ ಅಗ್ರಿಮೆಂಟ್, ಅಂದರೆ ಇಲ್ಲಿನ ಬಾಡಿಗೆ ಕರಾರು, ಮಹಾರಾಷ್ಟ್ರದಲ್ಲಿ ನೋಂದಣಿ ಆಗಲೇಬೇಕು, ಮನೆಯಲ್ಲೇ ಆನ್‌ಲೈನ್ ಮಾಡಿಸಬಹುದು. 11 ತಿಂಗಳಿಗೊಮ್ಮೆ ಅದೇ ಬಾಡಿಗೆದಾರ, ಅದೇ ಮಾಲೀಕ ಮತ್ತೆ ಫೋನ್ ಮಾಡುತ್ತಾರೆ. ನಮ್ಮ ಮನೆಯ ದಿನಸಿ, ಕರೆಂಟು ಇದರಲ್ಲೇ ನಡೆಯುತ್ತದೆ. ಎಷ್ಟೋ ಸಲ ಆ ಬಾಡಿಗೆ ಮನೆಯ ಮಾಲೀಕರೇ ಮುಂದೆ ಮಾರಲು ಬರುತ್ತಾರೆ.

ಈಗ ಕೈಯಲ್ಲಿರುವ ಫೈಲಿನಲ್ಲಿ ಮಾಲೀಕರಲ್ಲಿ ಒಬ್ಬರು ಮಸ್ಕತ್‌ನಲ್ಲಿದ್ದಾರೆ. ಎನ್‌ಆರ್‌ಐ ಆದ್ದರಿಂದ ಅವರ ಪಾಲಿಗೆ ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದರೆ ಮಾತ್ರ ಶೇಕಡಾ 1 ಟಿಡಿಎಸ್, ಅಂದರೆ ಕೊಳ್ಳುವವರು ಮೊದಲೇ ಹಿಡಿದು ಕಟ್ಟುವ ತೆರಿಗೆ, ಅನ್ನುವ ಲೆಕ್ಕ ನಡೆಯುವುದಿಲ್ಲ. ಬೆಲೆ ಎಷ್ಟೇ ಇರಲಿ, ಕೊಳ್ಳುವವರು ಅದಕ್ಕಿಂತ ತುಂಬಾ ಜಾಸ್ತಿ ಹಿಡಿದು ಕಟ್ಟಬೇಕು. ಕಡಿಮೆ ಹಿಡಿಯಲು ಆದಾಯ ತೆರಿಗೆ ಇಲಾಖೆಯಿಂದ ಸರ್ಟಿಫಿಕೇಟ್ ತರಬೇಕು. ಅರ್ಜಿ ಹಾಕಿದ್ದೇವೆ. ಅವರ ಪವರ್ ಆಫ್ ಅಟಾರ್ನಿ ಅಲ್ಲಿನ ರಾಯಭಾರ ಕಚೇರಿಯ ಮೊಹರು ಹಾಕಿಸಿಕೊಂಡು ಬರಬೇಕು. ಅದು ಬರುವವರೆಗೆ ಯಾರಿಗೂ ಮನೆ ತೋರಿಸಬೇಡಿ, ಟೋಕನ್ ತೆಗೆದುಕೊಳ್ಳಬೇಡಿ ಅಂತ ಅವರ ತಮ್ಮನಿಗೆ ಹೇಳಿದ್ದೇನೆ. ಅವರು ನಿನ್ನೆಯೂ ಫೋನ್ ಮಾಡಿ "ಪಾರ್ಟಿ ರೆಡಿ ಇದೆಯಂತಲ್ಲ ಅಕ್ಕ, ಒಂದು ಲಕ್ಷ ಟೋಕನ್ ಕೊಡ್ತಾರಂತೆ" ಅಂದರು. ಬೇಡ ಅಂತಲೇ ಹೇಳಿದೆ.